ಗಾಡಿ ಎಳೀವಲ್ದು

ನಮ್ಮ ಹೊಸಹಳ್ಳಿಯಲ್ಲಿ ಕಾರು ಕೆಡಬಹುದು, ಆದರೆ ಗುಟ್ಟಾಗಿ ಕೆಡುವಂತಿಲ್ಲ. ಮಗ್ಗುಲಲ್ಲೇ ಹಾದುಹೋಗುವ ಹೆದ್ದಾರಿಗೆ ಸರ್ಕಾರ 50 ಎಂದು ಹೊಸ ನಂಬರು ಕೊಟ್ಟು ವರ್ಷಗಳಾದವು. ಹಿರಿಯರ ಬಾಯಲ್ಲಿ ಅದಿನ್ನೂ ಸೊಲ್ಲಾಪುರ–ಮಂಗಳೂರಿನ 13ನೇ ನಂಬರ್ ರೋಡು. ಅದಿರು ಲಾರಿಗಳ ಕಾಲವನ್ನು ಈ ರಸ್ತೆಯ ಬದಿಯಲ್ಲಿ ಟೀ ಕುಡಿಯುತ್ತ ಕಳೆದವರೆಲ್ಲ ಈಗ ಅರ್ಧ ಮೆಕ್ಯಾನಿಕ್ಕುಗಳು. ಉಳಿದರ್ಧ ಮೆಕ್ಯಾನಿಕ್ಕು ಯಾರೂ ಆಗಿಲ್ಲ ಎಂಬುದೇ ತೊಂದರೆ. ಇಂಥ ಊರಿಗೆ ನಾನು ಕ್ಲಚ್ಚೇ ಇಲ್ಲದ ಕಾರು ತಂದೆ.

ನನ್ನ ಎಡಮೊಣಕಾಲು ಕ್ಲಚ್ ತುಳಿಯಲು ರಾಜೀನಾಮೆ ಕೊಟ್ಟಿತ್ತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಹೊಸ ಕಾರು ಕೊಂಡು, ಹಳೆಯ ಆಟೋಮ್ಯಾಟಿಕ್ಕನ್ನು "ಮಾವ, ನಿಮಗಂತಲೇ ಇಟ್ಟಿದ್ದೆ" ಎಂದು ದಾಟಿಸಿದ. ಕೂಡ್ಲಿಗಿಗೆ, ಕೊಟ್ಟೂರಿಗೆ ಚೆನ್ನಾಗಿಯೇ ಓಡಾಡಿತು. ಆಮೇಲೆ ಮರಿಯಮ್ಮನಹಳ್ಳಿ ದಾಟಿ ಗುಡ್ಡ ಸಿಕ್ಕರೆ ಸಾಕು, ಎಕ್ಸಿಲೇಟರನ್ನು ನೆಲಕ್ಕಂಟುವಷ್ಟು ಒತ್ತಿದರೂ ಕಡತ ಪರಿಶೀಲನೆಯಲ್ಲಿದೆ ಎಂಬಂತೆ ಸುಮ್ಮನಿರತೊಡಗಿತು. ಶೇಂಗಾ ಚೀಲ ಹೇರಿಕೊಂಡ ಟಿವಿಎಸ್ ಎಕ್ಸೆಲ್ಲೊಂದು ನನ್ನನ್ನು ಹಿಂದೆ ಹಾಕಿತು. ಸವಾರ ತಿರುಗಿ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವನು ಮರುಗಿದ.

ಬಸ್‌ಸ್ಟ್ಯಾಂಡಿನ ಮಿರ್ಚಿ–ಮಂಡಕ್ಕಿ ಅಂಗಡಿಯ ಮುಂದೆ ತಪಾಸಣೆ ಶುರುವಾಯಿತು. ಯಾರ ಕಸುಬು ಏನೋ ಅವರ ರೋಗವೂ ಅದೇ. ಅಂಗಡಿಯವನಿಗೆ ಕಲಬೆರಕೆ ಎಣ್ಣೆಯ ಮೇಲೆ ಅನುಮಾನ. ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡುವವನು, "ಕಾಯಿಲ್ ಹೋಗೈತ್ರೀ ಮೇಷ್ಟ್ರೇ" ಎಂದ. ಅವನು ಫ್ಯಾನಿಗೂ ಮಿಕ್ಸಿಗೂ ಒಮ್ಮೆ ತನ್ನ ಬೀಗರಿಗೂ ಅದನ್ನೇ ಹೇಳಿದವನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲಾರಿ ಡ್ರೈವರೊಬ್ಬರು ಕ್ಲಚ್‌ಪ್ಲೇಟ್ ಸವೆದಿದೆ ಎಂದು ತೀರ್ಪು ಕೊಟ್ಟರು. ಪೆಡಲೇ ಇಲ್ಲವಲ್ಲ ಎಂದರೆ, "ಪೆಡಲ್ ಇಲ್ಲಾಂದ್ರ ಪ್ಲೇಟ್ ಇರಂಗಿಲ್ಲೇನ್ರೀ?" ಎಂದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆಗೆ ಬಂದ ಅಗ್ಗದ ಎಎಂಟಿ ಗಾಡಿಗಳಲ್ಲಿ ಮಾಮೂಲಿ ಕ್ಲಚ್ಚೇ ಇರುತ್ತದೆ, ತುಳಿಯುವ ಕೆಲಸ ಮಾತ್ರ ಯಂತ್ರದ್ದು. ನನ್ನದು ಅದಕ್ಕಿಂತ ಹಳೆಯ ಜಾತಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಡಬ್ಬಿ. ಅದರೊಳಗೆ ಒಂದು ಚಕ್ರ ಎಣ್ಣೆಯನ್ನು ಬೀಸುತ್ತದೆ, ಆ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ.

ಇಷ್ಟರಲ್ಲಿ ನಾಲ್ಕು ಹುಡುಗರು ತೋಳೇರಿಸಿಕೊಂಡು, "ಸರ, ತಳ್ಳೂನೇನ್ರೀ?" ಎಂದು ಬಂದರು. ಗಾಡಿ ಸ್ಟಾರ್ಟ್ ಆಗಿಯೇ ಇತ್ತು! ನಮ್ಮ ಸೀಮೆಯಲ್ಲಿ ಕೆಟ್ಟ ಕಾರನ್ನು ತಳ್ಳದೆ ಬಿಡುವುದು ಬಂದ ನೆಂಟರಿಗೆ ನೀರು ಕೊಡದಷ್ಟೇ ಅಪಚಾರ. ಆದರೆ ಆಟೋಮ್ಯಾಟಿಕ್ಕನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಗೇರು ಹಿಡಿಯಲು ಎಣ್ಣೆಯ ಒತ್ತಡ ಬೇಕು, ಒತ್ತಡ ಕೊಡುವ ಪಂಪು ತಿರುಗಲು ಎಂಜಿನ್ನೇ ಓಡಬೇಕು. ಜನರಲ್ ಮೋಟರ್ಸ್ 1939ರಲ್ಲಿ ಹೊರತಂದ ಹೈಡ್ರಾ-ಮ್ಯಾಟಿಕ್ಕಿನಂಥ ಆರಂಭದ ಗೇರ್‌ಬಾಕ್ಸುಗಳಲ್ಲಿ ಚಕ್ರದ ಕಡೆಯಿಂದ ತಿರುಗುವ ಇನ್ನೊಂದು ಪಂಪೂ ಇತ್ತು. ಅವು ತಳ್ಳಿದರೆ ಸ್ಟಾರ್ಟ್ ಆಗುತ್ತಿದ್ದವು. ನಮ್ಮ ಹುಡುಗರು ಹುಟ್ಟಿದ್ದು ತಡವಾಯಿತು, ಅಷ್ಟೆ.

ಕೊನೆಗೆ ಹೊಸಪೇಟೆಯ ಮೇಸ್ತ್ರಿಯ ಹತ್ತಿರ ಹೋದೆ. ಮಾತು ಕಡಿಮೆ. "ಎಂಜಿನ್ ಕೂಗ್ತದ, ಗಾಡಿ ಓಡಂಗಿಲ್ಲ, ಹಂಗೋ? ಇಲ್ಲಾ ಎಂಜಿನ್ನೇ ಕೂಗವಲ್ದೋ?" ಎಂದು ಕೇಳಿದ. ಇಡೀ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕೇಳದ ಪ್ರಶ್ನೆ ಇದು, ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ಆರ್‌ಪಿಎಂ ಮುಳ್ಳು ಏರುತ್ತ ಹೋಗಿ ಗಾಡಿಯ ವೇಗ ಏರದಿದ್ದರೆ ಗೇರ್‌ಬಾಕ್ಸು ಜಾರುತ್ತಿದೆ. ಮುಳ್ಳೇ ಏರಲು ತಿಣುಕಿದರೆ ಮೊದಲ ಅನುಮಾನ ಎಂಜಿನ್ನಿನ ಮೇಲೆ, ಅದರ ಉಸಿರಿನ ಮೇಲೆ.

ಗೇರ್‌ಬಾಕ್ಸಿನ ಕಡ್ಡಿ ಎಳೆದು ಎಣ್ಣೆ ನೋಡಿದ, ಮೂಸಿದ. ಕೆಂಪಗೇ ಇತ್ತು, ಸುಟ್ಟ ವಾಸನೆ ಇಲ್ಲ. ಆಮೇಲೆ ಬ್ರೇಕನ್ನು ಬಿಗಿಯಾಗಿ ತುಳಿದು, ಡಿ ಗೇರಿನಲ್ಲಿಟ್ಟು, ಎಕ್ಸಿಲೇಟರ್ ಪೂರ್ತಿ ಒತ್ತಿದ. ಇದಕ್ಕೆ ಸ್ಟಾಲ್ ಟೆಸ್ಟ್ ಎನ್ನುತ್ತಾರೆ. ಐದು ಸೆಕೆಂಡು ಮೀರಿದರೆ ಎಣ್ಣೆ ಕುದಿಯುತ್ತದೆ, ಬ್ರೇಕು ಬಿಟ್ಟರೆ ಎದುರಿನ ಗೋಡೆ ಹೋಗುತ್ತದೆ. ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ. ಇಂಥ ಗಾಡಿಯಲ್ಲಿ ಮುಳ್ಳು 2000ದಿಂದ 2500ರ ಆಸುಪಾಸಿಗೆ ಹೋಗಬೇಕು. ಅದಕ್ಕೂ ಮೇಲೆ ಹೋದರೆ ಗೇರ್‌ಬಾಕ್ಸು ಜಾರುತ್ತಿದೆ. ನನ್ನದು 1600ಕ್ಕೇ ಏದುಸಿರು ಬಿಟ್ಟು ನಿಂತಿತು.

ಆಮೇಲೆ ಸ್ಕ್ಯಾನರ್ ಚುಚ್ಚಿದ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ಒಂದೇ ಸಾಲು ಕಾರಣಿಕ ನುಡಿಯುತ್ತಾನೆ; ಅದರಲ್ಲಿ ರೈತನಿಗೆ ಮಳೆ ಕಾಣುತ್ತದೆ, ದಲಾಲಿಗೆ ರೇಟು, ರಾಜಕಾರಣಿಗೆ ಕುರ್ಚಿ. ಸ್ಕ್ಯಾನರ್ ನುಡಿದದ್ದೂ ಅಷ್ಟೇ ಚುಟುಕಾಗಿತ್ತು: ಪಿ 0302, ಪಿ 0420. ಎರಡನೇ ಸಿಲಿಂಡರು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂಬುದು ಮೊದಲನೆಯದರ ಅರ್ಥ. ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿನ ಕಸುವು ಇಳಿದಿದೆ ಎಂಬುದು ಎರಡನೆಯದರದ್ದು. ಅವಸರದ ಗ್ಯಾರೇಜಿನವರು ಎರಡನೆಯದನ್ನಷ್ಟೇ ಓದಿ ಹೊಸ ಕನ್ವರ್ಟರ್ ಹಾಕಿ ಬಿಲ್ಲು ಬರೆಯುತ್ತಾರೆ. ಮೂಲ ರೋಗ ಒಳಗೇ ಉಳಿದು, ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ.

ಮೇಸ್ತ್ರಿ ಎರಡನ್ನೂ ಸೇರಿಸಿ ಓದಿದ. ಕಾಯಿಲ್ ಕೆಟ್ಟು ಕಿಡಿ ತಪ್ಪಿ, ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿ ಹಿಡಿದಿದೆ. ಆ ಕನ್ವರ್ಟರಿನ ಸಣ್ಣ ಸಣ್ಣ ಕಿಂಡಿಗಳ ಸೆರಾಮಿಕ್ ಇಟ್ಟಿಗೆಯೊಳಗೆ ಹೋಗಿ ಉರಿದಿದೆ. ಇಟ್ಟಿಗೆ ಕರಗಿ ಕಿಂಡಿ ಮುಚ್ಚಿವೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದೆಲ್ಲಿಂದ? ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿನಿಂದಲೇ ಹೊಗೆ ಹೋಗುವಂತೆ ಮಾಡಿ ಗಾಡಿ ಓಡಿಸಿದ. ಟ್ರ್ಯಾಕ್ಟರಿನಂತೆ ಅರಚಿತು, ಆದರೆ ಎಳೆಯಿತು.

ರೀವೈಂಡಿಂಗಿನವನು ಗೆದ್ದಿದ್ದ. ಆ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು.

"ಕನ್ವರ್ಟರಿನ ಒಳಗಿಂದು ಕುಟ್ಟಿ ತೆಗೆದು ಖಾಲಿ ಡಬ್ಬಿ ಹಾಕ್ಕೊಡ್ಲೇನ್ರೀ?" ಎಂದು ಮೇಸ್ತ್ರಿಯ ಹುಡುಗ ಕೇಳಿದ. ಬಹಳ ಜನ ಹಾಗೆ ಮಾಡಿಸುತ್ತಾರೆ. ಗಾಡಿ ಓಡುತ್ತದೆ, ಹಿಂದೆ ಬರುವವರು ವಿಷ ಕುಡಿಯುತ್ತಾರೆ. ಬೇಡವೆಂದೆ. ಹಳೆಯದನ್ನು ಗುಜರಿಯವನು ನನ್ನ ಕಾರಿಗೂ ತೋರದ ಗೌರವದಿಂದ ಎತ್ತಿಕೊಂಡ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆಂದು ಅವನಿಗೆ ಗೊತ್ತು. ಹೊಸ ಕನ್ವರ್ಟರಿನ ಬೆಲೆಯ ಮುಂದೆ ಕಾಯಿಲ್ಲಿನದು ಚಿಲ್ಲರೆ.

ಒಂದು ಪ್ರಶ್ನೆ ಉಳಿದಿತ್ತು. ಕಿಡಿ ಹೀಗೆ ತಪ್ಪುವಾಗ ಮೀಟರಿನಲ್ಲಿ ಚೆಕ್ ಎಂಜಿನ್ ಎಂಬ ಹಳದಿ ದೀಪ ಮಿಣುಕಬೇಕು. ಮೇಸ್ತ್ರಿ ಮೀಟರಿನ ಗಾಜಿನತ್ತ ಬೆರಳು ತೋರಿಸಿದ. ಕಾರು ಬಂದ ದಿನ ನಮ್ಮ ಮನೆಯವರು ಭಕ್ತಿಯಿಂದ ಅಂಟಿಸಿದ ಕೊಟ್ಟೂರೇಶ್ವರನ ಪಟ ಸರಿಯಾಗಿ ಆ ದೀಪದ ಮೇಲೇ ಇತ್ತು. ಹೇಳಿದರೆ ಅವರು, "ಅದಕ್ಕೇ ಇಷ್ಟು ದಿನ ಬೆಂಕಿ ಹತ್ಲಿಲ್ಲ" ಎಂದರು.

ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ನನ್ನದೊಂದು ವಿನಂತಿ. ಆ ದೀಪ ಮಿಣುಕದೆ ಒಂದೇ ಸಮನೆ ಉರಿದರೆ ಗ್ಯಾರೇಜಿಗೆ ಒಯ್ಯಿರಿ, ಮಿಣುಕಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ದೇವರ ಪಟವನ್ನು ಒಂದಿಷ್ಟು ಎಡಕ್ಕೆ ಅಂಟಿಸಿ.