ಯಾರ ‘ಇವರು’?

ಹೆಸರೆತ್ತದೆ ಸಂಸಾರ ನಡೆಸುವ ವಿದ್ಯೆ ನಮ್ಮ ಅಜ್ಜಿಯರ ಕಾಲಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ, ಅದನ್ನು ಈಗ ಕಾಟ್ಲಿನ್ ಬರೆಯುವ ಹುಡುಗರು ಮುಂದುವರಿಸಿದ್ದಾರೆ. ಈ ಭಾಷೆಯಲ್ಲಿ ಬ್ಲಾಕಿಗೆ ಒಂದೇ ಪ್ಯಾರಾಮೀಟರ್ ಇದ್ದರೆ ಅದಕ್ಕೆ ನಾಮಕರಣ ಬೇಕಿಲ್ಲ. ‘ಇಟ್’ ಅಂದರೆ ಸಾಕು. ಗ್ರೂವಿಯಲ್ಲಿ ಈ ಸೌಕರ್ಯ ಮೊದಲೇ ಇತ್ತು. ರೂಬಿಗೆ 2024ರ ಡಿಸೆಂಬರಿನಲ್ಲಿ, 3.4ನೇ ಆವೃತ್ತಿಯಲ್ಲಿ ಬಂತು.

ಮನೆಗೊಬ್ಬಳೇ ಸೊಸೆ ಇರುವತನಕ ತಕರಾರಿಲ್ಲ. ‘ಇವರು ಇನ್ನೂ ಊಟಕ್ಕೆ ಬಂದಿಲ್ಲ’ ಅಂದರೆ ಯಾರೆಂದು ಬೆಕ್ಕಿಗೂ ಗೊತ್ತು. ಕೂಡುಕುಟುಂಬದ ಅಡುಗೆಮನೆಗೆ ಬನ್ನಿ. ‘ಇವರಿಗೆ ಬದನೆಕಾಯಿ ಕಂಡರಾಗದು’ ಎನ್ನುತ್ತಾಳೆ ಒಬ್ಬ ಓರಗಿತ್ತಿ. ‘ಇವರಿಗೆ ಅದೇ ಆಗಬೇಕು’ ಎನ್ನುತ್ತಾಳೆ ಇನ್ನೊಬ್ಬಳು. ಯಾರ ಬಾಯಲ್ಲಿ ಬಂತೋ ಅವರ ಗಂಡ ಎಂಬುದು ಅಲ್ಲಿನ ಕಾನೂನು. ಕಂಪೈಲರಿನದೂ ಅದೇ: ಬ್ಲಾಕಿನೊಳಗೆ ಬ್ಲಾಕು ಬಂದರೆ ‘ಇಟ್’ ಅಂದರೆ ಒಳಗಿನದು. ಹೊರಗಿನದು ಬದುಕಿದ್ದರೂ ಕರೆಯಲು ಹೆಸರಿಲ್ಲ.

ಈಚೆಗೆ ಪರಿಶೀಲನೆಗೆಂದು ನನ್ನ ಮುಂದೆ ಬಂದ ಕೋಡು ನೋಡಿ. ಹೊರಗೆ ಆರ್ಡರುಗಳ ಮೇಲೊಂದು ಫಾರ್‌ಈಚ್, ಒಳಗೆ ಆ ಆರ್ಡರಿನ ಐಟಮ್ಮುಗಳ ಮೇಲೆ ಮತ್ತೊಂದು. ಅದರೊಳಗೆ ‘ಇಟ್ ಡಾಟ್ ಐಡಿ’. ಬರೆದಾತನ ಮನಸ್ಸಿನಲ್ಲಿದ್ದದ್ದು ಆರ್ಡರಿನ ಐಡಿ, ಕೈಗೆ ಬಂದದ್ದು ಐಟಮ್ಮಿನದು. ಎರಡಕ್ಕೂ ಐಡಿ ಇದೆ, ಎರಡೂ ಅಂಕಿಯೇ. ಕಂಪೈಲರ್ ಚಕಾರ ಎತ್ತಲಿಲ್ಲ. ಎಡಿಟರೇನೋ ‘ಹೊರಗಿನ ಇಟ್ ಮರೆಯಾಗಿದೆ’ ಎಂದು ಮೆಲ್ಲಗೆ ಗೊಣಗುತ್ತದೆ. ಗೊಣಗಾಟ ಕೇಳಿ ತಿದ್ದಿಕೊಂಡ ಗಂಡಸು ಯಾವ ಮನೆಯಲ್ಲಿದ್ದಾನೆ?

ಕ್ಲೋಜರ್ ಭಾಷೆ ಈ ವಿಷಯದಲ್ಲಿ ಗಟ್ಟಿ ಅತ್ತೆ. ಅದರ ಚುಟುಕು ಫಂಕ್ಷನ್ನಿನೊಳಗೆ ಇನ್ನೊಂದು ಚುಟುಕು ಬರೆದರೆ ಹೊಸಿಲಲ್ಲೇ ತಡೆಯುತ್ತದೆ. 2019ರಲ್ಲಿ ರೂಬಿ 2.7 ತಂದ ‘ಅಂಡರ್‌ಸ್ಕೋರ್ ಒಂದು’ ಕೂಡ ಒಳಗೂ ಹೊರಗೂ ಒಟ್ಟಿಗೆ ಬಳಸಲು ಬಿಡದು. ನನಗೆ ಈ ಬಿಗಿಯೇ ಇಷ್ಟ. ಸೌಜನ್ಯದಿಂದ ಸುಮ್ಮನಿರುವ ಭಾಷೆಗಿಂತ ಮುಖಕ್ಕೆ ಹೊಡೆದಂತೆ ಹೇಳುವುದು ವಾಸಿ.

ಕಾಟ್ಲಿನ್‌ನ ಅಧಿಕೃತ ಶೈಲಿಸೂತ್ರದಲ್ಲೂ ಬರೆದಿದೆ: ಚಿಕ್ಕದಾದ, ಒಂಟಿ ಬ್ಲಾಕಿಗೆ ‘ಇಟ್’ ಇರಲಿ, ಒಂದರೊಳಗೊಂದು ಹೊಕ್ಕರೆ ಹೆಸರಿಡಲೇಬೇಕು. ‘ಆರ್ಡರ್’ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಐದಕ್ಷರ, ಮುಂದೊಂದು ಬಾಣದ ಗುರುತು. ಅಷ್ಟು ಟೈಪ್ ಮಾಡಿಬಿಡಿ, ಮಾರಾಯರೇ.