ಟಾರ್ಚ್ ಬೆಳಕಿನಲ್ಲಿ ದರ್ಶನ

ನಮ್ಮ ಮನೆಯಲ್ಲಿ ಯಂತ್ರಗಳಿಗೆ ಕಾಯಿಲೆ ಬರುವುದಿಲ್ಲ, ನೇರ ಸಾವೇ. ಮಿಕ್ಸಿ ಗುರ್ ಎನ್ನದಿದ್ದರೆ ‘ಹೋಯ್ತು’, ಗೀಸರ್ ಬಿಸಿಯಾಗದಿದ್ದರೆ ‘ಹೋಯ್ತು’. ಹಾಗಾಗಿ ನನ್ನ ಲ್ಯಾಪ್‌ಟಾಪಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾದಾಗ ತೀರ್ಪು ಒಕ್ಕೊರಲಿನಿಂದ ಬಂತು. ಮಗಳು ಆಗಲೇ ಮೊಬೈಲಿನಲ್ಲಿ ಹೊಸದರ ಬೆಲೆ ನೋಡುತ್ತಿದ್ದಳು. ಅವಳ ದುಃಖದಲ್ಲಿ ಏನೋ ಒಂದು ಲವಲವಿಕೆಯಿತ್ತು.

ಆದರೆ ಒಳಗೆ ಫ್ಯಾನ್ ತಿರುಗುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಪುಟ್ಟ ದೀಪ ಹತ್ತುತ್ತಿತ್ತು, ಮತ್ತೆ ಒತ್ತಿದರೆ ಆರುತ್ತಿತ್ತು. ಮೇಲ್ ಬಂದರೆ ‘ಟಿಣ್’ ಎನ್ನುತ್ತಿತ್ತು. ಎಚ್‌ಡಿಎಂಐ ಕೇಬಲ್ಲನ್ನು ಟಿವಿಗೆ ಸಿಕ್ಕಿಸಿದೆ. ಅತ್ತೆಯವರ ಧಾರಾವಾಹಿ ಕ್ಲೈಮ್ಯಾಕ್ಸ್ ಮುಟ್ಟಿದ್ದ ಹೊತ್ತಿಗೆ ಸರಿಯಾಗಿ ಅಲ್ಲಿ ನನ್ನ ಆಫೀಸಿನ ಎಕ್ಸೆಲ್ ಹಾಳೆ ಗೋಡೆಯಗಲ ಪ್ರತ್ಯಕ್ಷವಾಯಿತು. ಅವರು ಅದನ್ನೂ ಸ್ವಲ್ಪ ಹೊತ್ತು ನೋಡಿದರು.

ಉಳಿದದ್ದು ಟಾರ್ಚ್ ಪರೀಕ್ಷೆ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ಇಣುಕಿದೆ. ಮಂಗಳಾರತಿಯ ಬೆಳಕಿಗೆ ಗರ್ಭಗುಡಿಯ ಮೂರ್ತಿ ಕಂಡಂತೆ, ಕತ್ತಲೊಳಗಿಂದ ಮಸುಕಾಗಿ ರೀಸೈಕಲ್ ಬಿನ್ನಿನ ದರ್ಶನವಾಯಿತು. ಚಿತ್ರ ಅಲ್ಲೇ ಇದೆ, ಬೆಳಕಿಲ್ಲ!

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕೆಂಬುದೇ ಇಲ್ಲ. ಹಿಂದಿನಿಂದ ಬರುವ ಬೆಳಕನ್ನು ಬಿಡುವುದು ಅಥವಾ ತಡೆಯುವುದು, ಇಷ್ಟೇ ಅದರ ಉದ್ಯೋಗ. ಬೆಳಕು ಕೊಡುವುದು ಅಂಚಿನಲ್ಲಿ ಸಾಲಾಗಿ ಕೂತ ಎಲ್‌ಇಡಿಗಳು. ಅದನ್ನು ಪರದೆಯ ತುಂಬ ಹರಡುವುದು ಒಂದು ಪಾರದರ್ಶಕ ಹಲಗೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಅಲ್ಲಿ ಪೆನ್ಸಿಲಿಗಿಂತ ಸಪೂರವಾದ ಪಾದರಸದ ಟ್ಯೂಬ್‌ಲೈಟ್ ಇರುತ್ತಿತ್ತು, ಅದಕ್ಕೆ ನೂರಾರು ವೋಲ್ಟ್ ಉಣಿಸಲು ಒಂದು ಇನ್ವರ್ಟರ್ ಬೇರೆ. ಮುಪ್ಪಾದ ಟ್ಯೂಬು ಪರದೆಯನ್ನೆಲ್ಲ ನಸುಗೆಂಪು ಮಾಡಿ ಮುನ್ಸೂಚನೆ ಕೊಡುತ್ತಿತ್ತು. ಈಗಿನವಕ್ಕೆ ಅಷ್ಟು ದಾಕ್ಷಿಣ್ಯವಿಲ್ಲ.

ಭಾವಮೈದುನ ಫೋನಿನಲ್ಲೇ ಆಯಸ್ಕಾಂತದ ಸಿದ್ಧಾಂತ ಮಂಡಿಸಿದ. ಮುಚ್ಚಳ ಮುಚ್ಚಿದೆಯೆಂದು ಹಲವು ಲ್ಯಾಪ್‌ಟಾಪುಗಳಿಗೆ ತಿಳಿಯುವುದು ಒಂದು ಆಯಸ್ಕಾಂತ ಹಾಗೂ ಹಾಲ್ ಸೆನ್ಸರಿನಿಂದ. ಕೀಬೋರ್ಡಿನ ಪಕ್ಕ ಆಯಸ್ಕಾಂತದ ಗುಂಡಿಯಿರುವ ಪೌಚ್ ಇಟ್ಟರೂ ಅದು ಮೋಸಹೋಗಿ ದೀಪ ಆರಿಸೀತು. ಸಿದ್ಧಾಂತ ಸರಿಯೇ. ಆದರೆ ನಮ್ಮ ಮೇಜಿನ ಮೇಲೆ ಇದ್ದದ್ದು ಕೋಡುಬಳೆ ಮಾತ್ರ.

ಬಡಾವಣೆಯ ಅಂಗಡಿಯವರು ಸ್ಕ್ರೂ ಕೂಡ ಬಿಚ್ಚದೆ ‘ಡಿಸ್‌ಪ್ಲೇ ಚೇಂಜ್ ಸಾರ್’ ಎಂದರು. ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟೆ. ಅಲ್ಲಿ ಕಿರಿದಾದ ಮೆಟ್ಟಿಲು ಹತ್ತಿದರೆ, ಇಬ್ಬರು ಕೂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಅಂಗಡಿ. ಹುಡುಗ ನನ್ನ ಟಾರ್ಚ್ ಪುರಾಣವನ್ನು ಅರ್ಧಕ್ಕೇ ನಿಲ್ಲಿಸಿ, ತಳಭಾಗ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತ. ‘ಇದನ್ನ ತೆಗೀದೆ ಡಿಸ್‌ಪ್ಲೇ ಕೇಬಲ್ ಮುಟ್ಟೋರೇ ನಮಗೆ ಅನ್ನದಾತರು’ ಎಂದ. ಆಮೇಲೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಬೋರ್ಡಿನ ಮೇಲೆ ಅಲ್ಲಲ್ಲಿ ಮುಟ್ಟಿಸುತ್ತ ಹೋದ. ಬೀಪ್. ಬೀಪ್. ಒಂದು ಕಡೆ ಮೌನ.

‘ಫ್ಯೂಸ್’ ಎಂದ. ನನಗೆ ಏನೂ ಕಾಣಲಿಲ್ಲ. ಮೈಕ್ರೋಸ್ಕೋಪಿನಲ್ಲಿ ತೋರಿಸಿದ: ಉದ್ದ 1 ಮಿಲಿಮೀಟರ್, ಅಗಲ ಅದರರ್ಧ. ಇಷ್ಟಕ್ಕೆ ಇಡೀ ಪರದೆ ಬದಲಿಸಹೊರಟಿದ್ದರಲ್ಲ! ಖುಷಿಯಿಂದ ಜೇಬಿಗೆ ಕೈ ಹಾಕಿದೆ. ಹುಡುಗ ತಲೆಯಾಡಿಸಿದ. ‘ಫ್ಯೂಸ್ ಸುಮ್‌ಸುಮ್ನೆ ಹೋಗಲ್ಲ ಸಾರ್, ಯಾರೋ ಕಳಿಸಿರ್ತಾರೆ.’

ಕಳಿಸಿದ್ದು ಹಿಂಜಿನ ಒಳಗಿದ್ದ ಕೇಬಲ್. ಮುಚ್ಚಳ ತೆರೆದಾಗ, ಮುಚ್ಚಿದಾಗಲೆಲ್ಲ ಅದು ಮಡಚಿಕೊಳ್ಳಬೇಕು. ಮಡಚಿ ಮಡಚಿ ಒಂದು ಕಡೆ ಕಪ್ಪು ಸಿಪ್ಪೆ ಸವೆದು, ಕೂದಲೆಳೆಯ ತಾಮ್ರ ಹೊರಗಿಣುಕಿ, ಹಿಂಜಿನ ಲೋಹಕ್ಕೆ ತಾಗಿತ್ತು. ಹಾಗೇ ಬಿಟ್ಟು ಫ್ಯೂಸ್ ಮಾತ್ರ ಬದಲಿಸಿದ್ದರೆ ಅದೂ ಸುಟ್ಟೇ ಹೋಗುತ್ತಿತ್ತು. ಕೇಬಲ್ ಹೊಸದು ಬಂತು. ಫ್ಯೂಸನ್ನು ಚಿಮಟದಲ್ಲಿ ಹಿಡಿದು ಕೂರಿಸುವಾಗ ಹುಡುಗ ಉಸಿರಾಡಲಿಲ್ಲ. ಸೀನು ಬಂದಿದ್ದರೂ ನಾನು ನುಂಗಿಕೊಂಡೆ.

ಪರದೆ ಝಗ್ ಎಂದಿತು. ಹಣ ಎಣಿಸುತ್ತಿದ್ದಾಗ ಇನ್ನೊಬ್ಬರು ಕಂಕುಳಲ್ಲಿ ಲ್ಯಾಪ್‌ಟಾಪ್ ಅವಚಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ‘ಪೂರ್ತಿ ಹೋಗಿದೆ, ಏನೂ ಕಾಣ್ತಿಲ್ಲ’ ಎಂದರು. ‘ಎಲ್ಲಿ, ಹೀಗೆ ಕೊಡಿ’ ಎಂದು ನಾನು ಟಾರ್ಚ್ ಹಚ್ಚಿ, ಓರೆಯಾಗಿ ಹಿಡಿದು, ಬ್ಯಾಕ್‌ಲೈಟಿನ ತತ್ವವನ್ನು ಮೊದಲಿನಿಂದ ವಿವರಿಸತೊಡಗಿದೆ. ಹುಡುಗ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದ: ‘ಚಾರ್ಜರ್ ತಂದಿದ್ದೀರಾ ಸಾರ್?’