ನಾಕು ಕಾಳು ಕೇಳೋಕೆ ನಾಚಿಕೆಯೇನ್ರಿ?

ನಿಮ್ಮ ಭಾವಮೈದ ಟೆರೇಸ್ ಮೇಲೆ ಹೊಸದಾಗಿ ಕೈತೋಟ ಶುರು ಮಾಡಿದಾನೆ, ಹೌದು ತಾನೇ? (ನಿಮ್ಮನೇಲಿಲ್ಲ ಅಂದ್ರೆ ಪಕ್ಕದ ಮನೇಲಿ ಒಬ್ಬರು ಇದ್ದೇ ಇರ್ತಾರೆ.) ಗ್ರೋ ಬ್ಯಾಗು, ಕೊಕೊಪೀಟು, ಕೈಗೆ ಗ್ಲೌಸು ಎಲ್ಲಾ ಬಂತು. ‘ಬೀಜ ನನಗೆ ಬಿಡು, ಪಕ್ಕಾ ನಾಟಿ ಕೊಡಿಸ್ತೀನಿ’ ಅಂತ ಎದೆ ತಟ್ಕೊಂಡಿದ್ದು ನೀವು. ಕೊಡಿಸಿದ್ದೇನು? ರಾತ್ರಿ ಮಲಗಿಕೊಂಡೇ ಮೊಬೈಲಲ್ಲಿ ಆರ್ಡರ್ ಮಾಡಿದ ನೇರಳೆ ಟೊಮೇಟೊ!

ಚಿತ್ರ ಚೆನ್ನಾಗಿತ್ತು, ಒಪ್ಪಿದೆ. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ‘ಎಫ್-1’ ಅಂತಿತ್ತಲ್ಲ, ಓದಿದ್ರಾ? ಹೈಬ್ರಿಡ್ಡು ಕಣ್ರೀ ಅದು. ಮೊದಲನೇ ಸಲ ಭರ್ಜರಿ ಬಿಡಬಹುದು. ಅದರ ಬೀಜ ಎತ್ತಿಟ್ಟು ಮತ್ತೆ ಹಾಕಿ ನೋಡಿ, ಒಂದು ಗಿಡ ಅಪ್ಪನ ಥರ, ಇನ್ನೊಂದು ಅವ್ವನ ಥರ, ಮಿಕ್ಕಿದ್ದು ಯಾರ ಥರಾನೂ ಇರಲ್ಲ.

ನಾಟಿ ಬೀಜ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ವಾ? ಚೆನ್ನಾಗೇ ಗೊತ್ತು. ಚನ್ನಪಟ್ಟಣದ ಹತ್ರ ಹಳ್ಳೀಲಿ ನಿಮ್ಮ ದೊಡ್ಡಮ್ಮ ಇಲ್ವಾ? ಆದ್ರೆ 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು ನೋಡಿ, ರಾಮನಗರ ಬೈಪಾಸು, ಚನ್ನಪಟ್ಟಣ ಬೈಪಾಸು, ಜೊತೆಗೆ ದೊಡ್ಡಮ್ಮಾನೂ ಬೈಪಾಸು! (ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಅಂತ ಹೆಸರಾಗಿದ್ದಾದ್ರೂ ಆಕೆಗೆ ಹೇಳಿದ್ರಾ?)

ಒಂದ್ಸಲ ಸರ್ವಿಸ್ ರೋಡಿಗೆ ಇಳೀರಿ. ದೊಡ್ಡಮ್ಮನ ಅಡುಗೆಮನೆ ತೊಲೆಯಲ್ಲಿ ಒಣಗಿದ ಹೀರೇಕಾಯಿ ನೇತಾಡ್ತಿರುತ್ತೆ, ಹೊಗೆ ಹಿಡಿದು ಕಂದು ಬಣ್ಣ. ತುದೀಲಿ ಪುಟ್ಟ ಮುಚ್ಚಳ ಇದೆ, ಅದನ್ನ ಬೆರಳಲ್ಲಿ ಮುರಿದು ತಲೆಕೆಳಗು ಮಾಡಿ ಕೊಡವಿ. ಒಳಗಿನ ನಾರಿನ ಜಾಲರಿಯಿಂದ ಕಪ್ಪು ಬೀಜ ಪಟಪಟ ಉದುರುತ್ತೆ. ಪ್ಯಾಕಿಂಗೂ ಗಿಡದ್ದೇ, ಸೀಲೂ ಗಿಡದ್ದೇ!

ಹಿತ್ತಲಲ್ಲಿ ಒಂದು ಬದನೆಕಾಯಿ ಹಳದಿಯಾಗಿ ಜೋತುಬಿದ್ದಿದ್ರೆ ‘ಕೊಳೆತೋಗಿದೆ’ ಅಂತ ಕಿತ್ತು ಬಿಸಾಕಬೇಡಿ ಮತ್ತೆ. (ಮಾಡ್ತೀರಿ ನೀವು, ಗೊತ್ತು ನಂಗೆ.) ಅದು ಬೀಜಕ್ಕೆ ಅಂತಲೇ ಬಿಟ್ಟಿದ್ದು. ಚೆನ್ನಾಗಿ ಹಣ್ಣಾದ ಮೇಲೆ ಬೀಜ ತೊಳೆದು, ಬೂದಿ ಬೆರೆಸಿ, ನೆರಳಲ್ಲಿ ಒಣಗಿಸಿ ಇಡ್ತಾರೆ.

ಇನ್ನು ಅವರೆ. ಮಾಗಡಿ ಅವರೆಕಾಯಿ ಅಂದ್ರೆ ನಿಮಗೆ ಪ್ರಾಣ. ಸುಲಿದು ಸುಲಿದು ಬೆರಳಿಗೆ ಸೊಗಡು ಅಂಟಿದ್ರೆ ದಿನವಿಡೀ ಮೂಸ್ಕೊಂಡು ಓಡಾಡೋರು ನೀವು. ಸಂಕ್ರಾಂತಿಗೆ ಹಿತಕಿದಬೇಳೆ ಸಾರು ತಿಂದ ಹುರುಪಲ್ಲಿ ಬೇಸಿಗೇಲೇ, ಮಾರ್ಚಲ್ಲಿ ಡ್ರಮ್ಮಿಗೆ ಅವರೆ ಹಾಕಿದ್ರಿ. ಏನಾಯ್ತು? ಬಳ್ಳಿ ನೀರಿನ ಟ್ಯಾಂಕ್ ಹತ್ತಿತು, ಪಕ್ಕದ ಮನೆ ಡಿಶ್ ಆಂಟೆನಾನೂ ಹಿಡೀತು, ಹೂವು ಮಾತ್ರ ಒಂದೂ ಇಲ್ಲ. ಬೀಜ ಕೊಟ್ಟವರನ್ನ ಬೈದ್ರಿ, ಅಲ್ವಾ?

ಪಾಪ, ಬೀಜದ್ದೇನು ತಪ್ಪು? ನಾಟಿ ಅವರೆ ಹೂ ಬಿಡೋದು ಹಗಲು ಕುಗ್ಗಿದಾಗ. ಅದಕ್ಕೇ ನಮ್ಮ ರೈತರು ಮಳೆಗಾಲದಲ್ಲಿ ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಹಾಕೋದು. ರಾಗಿ ಕೊಯ್ದ ಮೇಲೆ ಅವರೆ ಕಾಲ ಶುರು. ವರ್ಷವಿಡೀ ಬೇಕು ಅನ್ನೋ ಆತುರಗಾರರಿಗೆ ಅಂತಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ತಳಿ ಬಿಟ್ಟಿದಾರೆ. ಯಾವಾಗ ಹಾಕಿದ್ರೂ ಕಾಯಿ ಬಿಡುತ್ತೆ. (ಸೊಗಡಿನ ವಿಷಯ ದೊಡ್ಡಮ್ಮನ ಮುಂದೆ ಎತ್ತಬೇಡಿ, ಸಂಜೆಯಾಗೋಗುತ್ತೆ.)

ಹೊಸಬರ ಕೈಗೆ ಮೊದಲೇ ಅವರೆ ಕೊಟ್ರೆ ನಾಲ್ಕು ತಿಂಗಳು ಕಾಯೋರ್ಯಾರು? ದಂಟಿನ ಬೀಜ ಕೊಡಿ, ತಿಂಗಳಿಗೆಲ್ಲ ಮಸೊಪ್ಪು. ಜೊತೆಗೆ ಅಲಸಂದೆ, ಹೀರೆ. ಸೋರೆ ಕೊಟ್ರೆ ಒಂದು ಮಾತು ಹೇಳಿ: ಕಾಯಿ ಕಹಿ ಇದ್ರೆ ತಿನ್ನಕೂಡದು, ಅದರ ಬೀಜಾನೂ ಇಡಕೂಡದು. ದೊಡ್ಡಮ್ಮನೇ ಇಲ್ಲ ಅನ್ನೋರು ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಇಲ್ಲ ಸಹಜ ಸಮೃದ್ಧದವರ ದೇಸಿ ಬೀಜ ಮೇಳಕ್ಕೆ ಹೋಗಿ.

ಹೋಗೋ ಮುಂಚೆ ಮನೆಯ ಡ್ರಾಯರ್ ಒಂದ್ಸಲ ತೆಗೀರಿ. ಹಳೇ ಲಗ್ನಪತ್ರಿಕೆ ಕವರ್ ಇದೆಯಲ್ಲ, ಒಳಗೆ ಏನೋ ಬೀಜ? ಕವರ್ ಮೇಲೆ ವರನ ಹೆಸರಿದೆ, ಅವನ ಡಿಗ್ರೀನೂ ಇದೆ, ಬೀಜದ ಹೆಸರಿಲ್ಲ. ಆ ಹುಡುಗನ ಮಗು ಸ್ಕೂಲಿಗೆ ಹೋಗ್ತಿದೆ, ನೀವಿನ್ನೂ ಬಿತ್ತಿಲ್ಲ!

ದೊಡ್ಡಮ್ಮನ ಹತ್ರ ಹೋದ ತಕ್ಷಣ ಬೀಜ ಕೇಳಬೇಡಿ ಆಯ್ತಾ? ಮೊದಲು ಮಂಡಿನೋವು ವಿಚಾರಿಸಿ, ಕಾಫಿ ಕುಡೀರಿ, ‘ಈಗ ನೆಪ್ಪಾಯ್ತಾ ನಾವು?’ ಅಂತ ಬೈಸ್ಕೊಳ್ಳಿ. ಆಮೇಲೆ ಆಕೆಯೇ ‘ಅದ್ಯಾಕ್ ಮಗಾ ಅಷ್ಟೊಂದು, ನಾಕ್ ಕಾಳು ಸಾಕು ಬುಡು’ ಅಂತ ಪೇಪರಲ್ಲಿ ಕಟ್ಟಿಕೊಡ್ತಾರೆ.

ವಾರ ಬಿಟ್ಟು ‘ಮೊಳ್ತವಾ?’ ಅಂತ ಫೋನ್ ಬರುತ್ತೆ. ಮೊಳೆಯೋ ತನಕ ಬಿಡೋ ಪೈಕಿ ಅಲ್ಲ ಆಕೆ. ನಿಮಗ್ಯಾಕೆ ತಲೆನೋವು? ಸದ್ದಿಲ್ಲದೆ ಭಾವಮೈದನ ನಂಬರ್ ಕೊಟ್ಟು ಬಂದ್ಬಿಡಿ.